ಸದ್ದಿಲ್ಲದ ಉಗ್ರಾಣ

ಕಂಪ್ಯೂಟರಿನ ಗುಂಡಿಯನ್ನು ಒತ್ತಿದ ಮೇಲೆ ಅದು ಕೆಲಸಕ್ಕೆ ಅಣಿಯಾಗುವವರೆಗೆ ಕಾಯುವುದು ಕೆಲವು ವರ್ಷಗಳ ಹಿಂದೆ ಎಲ್ಲರಿಗೂ ರೂಢಿಯಾಗಿದ್ದಿತು. ಕಚೇರಿಯ ಗುಮಾಸ್ತರು ಬೆಳಿಗ್ಗೆ ಬಂದೊಡನೆ ಗುಂಡಿಯನ್ನೊತ್ತಿ ಕಾಫಿಗೆ ಹೊರಡುತ್ತಿದ್ದರು. ಅವರು ಹಿಂದಿರುಗುವ ವೇಳೆಗೆ ತೆರೆಯ ಮೇಲೆ ಚಿತ್ರ ಮೂಡಿರುತ್ತಿದ್ದಿತು. ಅಷ್ಟು ಹೊತ್ತೂ ಪೆಟ್ಟಿಗೆಯ ಒಳಗಿನಿಂದ ಏನೋ ಗಿರಗಿರನೆ ತಿರುಗುವ ಸದ್ದು, ನಡುನಡುವೆ ಕಟಕಟನೆ ಕಡಿದಂತಹ ಸದ್ದು ಕೇಳಿಬರುತ್ತಿದ್ದವು. ಇಂದು ಅದೇ ಕೆಲಸ ಹತ್ತು ಹದಿನೈದು ಸೆಕೆಂಡುಗಳಲ್ಲಿ ಮುಗಿಯುತ್ತದೆ. ಸದ್ದಂತೂ ಇಲ್ಲವೇ ಇಲ್ಲ. ಈ ಬದಲಾವಣೆಗೆ ಮುಖ್ಯ ಕಾರಣ ಕಂಪ್ಯೂಟರಿನ ಲೆಕ್ಕ ಮಾಡುವ ಶಕ್ತಿ ಬೆಳೆದುದಲ್ಲ. ಅದರ ಉಗ್ರಾಣ ಬದಲಾದುದು.

ಕಂಪ್ಯೂಟರಿಗೂ ಒಂದು ಉಗ್ರಾಣ ಬೇಕು. ವಿದ್ಯುತ್ತು ನಿಂತರೂ ಅಳಿಯದಂತೆ ಪತ್ರಗಳು, ಚಿತ್ರಗಳು, ಲೆಕ್ಕಗಳು ಎಲ್ಲವೂ ಅಲ್ಲಿ ಉಳಿಯಬೇಕು. ಕೇಳಿದಾಗ ತಡವಿಲ್ಲದೆ ಹೊರಬರಬೇಕು. ಸುಮಾರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಈ ಕೆಲಸವನ್ನು ಮಾಡಿದುದು ಹಾರ್ಡ್ ಡಿಸ್ಕ್ ಎಂಬ ತಿರುಗುವ ತಟ್ಟೆ. ಈಗ ಅದರ ಸ್ಥಾನಕ್ಕೆ ಸಾಲಿಡ್ ಸ್ಟೇಟ್ ಡ್ರೈವ್ ಬಂದಿದೆ. ಇದನ್ನು ಚಿಕ್ಕದಾಗಿ ಎಸ್.ಎಸ್.ಡಿ. ಎನ್ನುತ್ತಾರೆ. ಇದರಲ್ಲಿ ತಿರುಗುವ, ಚಲಿಸುವ ಭಾಗ ಒಂದೂ ಇಲ್ಲ. ಎಲ್ಲವೂ ಸಿಲಿಕಾನ್ ಚಿಪ್ಪುಗಳೇ. ಆ ಕಾರಣದಿಂದಲೇ ಇದಕ್ಕೆ ಘನಸ್ಥಿತಿಯನ್ನು ಸೂಚಿಸುವ ಆ ಹೆಸರು ಬಂದಿದೆ.

ಚಲನೆ ಇಲ್ಲದಿರುವುದು ಏಕೆ ಅಷ್ಟು ದೊಡ್ಡ ಸಂಗತಿ? ಇದನ್ನು ತಿಳಿಯಲು ಹಳೆಯ ಉಗ್ರಾಣವನ್ನು ಒಮ್ಮೆ ತೆರೆದು ನೋಡಬೇಕು. 1956ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯು ರಾಮ್ಯಾಕ್ ಎಂಬ ಯಂತ್ರವನ್ನು ಹೊರತಂದಿತು. ಅದರಲ್ಲಿ ಎರಡಡಿ ಅಗಲದ ಐವತ್ತು ತಟ್ಟೆಗಳನ್ನು ಒಂದೇ ಕಂಬಕ್ಕೆ ಪೋಣಿಸಲಾಗಿದ್ದಿತು. ಅವು ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದವು. ಒಂದು ತೋಳು ಮೇಲಕ್ಕೂ ಕೆಳಕ್ಕೂ ಸರಿದು, ಬೇಕಾದ ತಟ್ಟೆಯನ್ನು ತಲಪಿ, ಒಳಹೊಕ್ಕು ಅಕ್ಷರಗಳನ್ನು ಓದುತ್ತಿದ್ದಿತು. ಒಂದು ಟನ್ನಿಗೂ ಹೆಚ್ಚು ಭಾರವಿದ್ದ ಆ ಯಂತ್ರದಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಇಂದು ಮೊಬೈಲ್ ಫೋನಿನಿಂದ ತೆಗೆದ ಒಂದೇ ಒಂದು ಭಾವಚಿತ್ರಕ್ಕೆ ಆ ಜಾಗ ಸಾಕಾದರೆ ಹೆಚ್ಚು! ಬೇಕಾದುದನ್ನು ಹುಡುಕಿ ತರಲು ಅದಕ್ಕೆ ಸರಾಸರಿ ಅರ್ಧ ಸೆಕೆಂಡಿಗಿಂತಲೂ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತಿದ್ದಿತು. ಆದರೆ ಅದಕ್ಕೆ ಹಿಂದೆ ರಂಧ್ರ ಕೊರೆದ ಕಾರ್ಡುಗಳ ಕಟ್ಟುಗಳನ್ನು ಒಂದೊಂದಾಗಿ ಜಾಲಾಡುತ್ತಿದ್ದವರಿಗೆ ಅದು ಅದ್ಭುತವೇ ಆಗಿದ್ದಿರಬೇಕು.

ಮುಂದಿನ ಐವತ್ತು ವರ್ಷಗಳಲ್ಲಿ ತಟ್ಟೆಗಳು ಅಂಗೈಯಷ್ಟು ಚಿಕ್ಕವಾದವು. ಅವುಗಳಲ್ಲಿ ಹಿಡಿಸುವ ಮಾಹಿತಿ ಕೋಟಿ ಕೋಟಿಯಾಗಿ ಬೆಳೆಯಿತು. ಆದರೆ ಹುಡುಕುವ ಕಾಲ ಮಾತ್ರ ಅಷ್ಟಾಗಿ ತಗ್ಗಲಿಲ್ಲ. ಮನೆಯ ಕಂಪ್ಯೂಟರುಗಳಲ್ಲಿದ್ದ ಸಾಮಾನ್ಯ ಹಾರ್ಡ್ ಡಿಸ್ಕು ನಿಮಿಷಕ್ಕೆ 7,200 ಸಲ, ಎಂದರೆ ಸೆಕೆಂಡಿಗೆ 120 ಸಲ ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು. ಬೇಕಾದ ಜಾಗವು ತೋಳಿನ ತುದಿಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ 4 ಮಿಲಿಸೆಕೆಂಡಿಗೂ ಸ್ವಲ್ಪ ಹೆಚ್ಚು ಕಾಯಬೇಕು. ತೋಳು ಸರಿಯಾದ ವರ್ತುಲಕ್ಕೆ ಸರಿಯಲು ಇನ್ನೂ ಎಂಟು ಮಿಲಿಸೆಕೆಂಡಾದರೂ ಬೇಕು. ಹೀಗೆ ಒಂದು ಹುಡುಕಾಟಕ್ಕೆ ಸುಮಾರು 12 ಮಿಲಿಸೆಕೆಂಡು. ಸೆಕೆಂಡಿಗೆ ಎಂಬತ್ತು ಹುಡುಕಾಟ ಮುಗಿಸಿದರೆ ಅದೇ ಹೆಚ್ಚು. ಲೋಹದ ತೋಳಿಗೆ ಭಾರವುಂಟು. ಭಾರವುಳ್ಳದ್ದು ಹೊರಡಲೂ ನಿಲ್ಲಲೂ ಕಾಲ ಬೇಡುತ್ತದೆ. ಇದು ನ್ಯೂಟನ್ನನ ನಿಯಮ. ಯಾವ ಕಾರ್ಖಾನೆಯೂ ಇದನ್ನು ಮೀರಲಾರದು.

ಹನ್ನೆರಡು ಮಿಲಿಸೆಕೆಂಡು ಮನುಷ್ಯನಿಗೆ ಏನೂ ಅಲ್ಲ. ಕಣ್ಣು ಮಿಟುಕಿಸಲು ಇದರ ಹತ್ತರಷ್ಟು ಬೇಕು. ಆದರೆ ಕಂಪ್ಯೂಟರಿನ ಸಂಸ್ಕಾರಕದ ಗಡಿಯಾರ ಸೆಕೆಂಡಿಗೆ ಮುನ್ನೂರು ಕೋಟಿ ಸಲ ಮಿಡಿಯುತ್ತದೆ. ಆ ಒಂದು ಮಿಡಿತವನ್ನು ಒಂದು ಸೆಕೆಂಡೆಂದು ಎಣಿಸಿದರೆ, ಹಾರ್ಡ್ ಡಿಸ್ಕಿನ ಒಂದು ಹುಡುಕಾಟಕ್ಕಾಗಿ ಅದು ಒಂದು ವರ್ಷ ಐವತ್ತು ದಿನಗಳಷ್ಟು ಕಾಲ ಕೈಕಟ್ಟಿ ಕುಳಿತಂತಾಗುತ್ತದೆ! ಕಂಪ್ಯೂಟರ್ ಎದ್ದೇಳುವಾಗ ಇಂತಹ ಸಾವಿರಾರು ಹುಡುಕಾಟಗಳು ಬೇಕಾಗುತ್ತವೆ. ಗುಮಾಸ್ತರ ಕಾಫಿಗೆ ಬಿಡುವು ದೊರೆಯುತ್ತಿದ್ದುದು ಹೀಗೆ. ಎಸ್.ಎಸ್.ಡಿ.ಯಲ್ಲಿ ಅದೇ ಹುಡುಕಾಟ ಸುಮಾರು 70 ಮೈಕ್ರೋಸೆಕೆಂಡುಗಳಲ್ಲಿ ಮುಗಿಯುತ್ತದೆ. ಅದೇ ಲೆಕ್ಕದಲ್ಲಿ ನೋಡಿದರೆ ಒಂದು ವರ್ಷಕ್ಕೂ ಮೀರಿದ ಕಾಯುವಿಕೆ ಎರಡೂವರೆ ದಿನಕ್ಕೆ ಇಳಿದಂತಾಯಿತು.

ಈ ಚಿಪ್ಪುಗಳ ಮೂಲ 1967ರಷ್ಟು ಹಿಂದಿನದು. ಆ ವರ್ಷ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ದವೋನ್ ಕಾಂಗ್ ಮತ್ತು ಸೈಮನ್ ಝೀ ಎಂಬ ವಿಜ್ಞಾನಿಗಳು ಒಂದು ವಿಶೇಷ ಬಗೆಯ ಟ್ರಾನ್ಸಿಸ್ಟರನ್ನು ವಿವರಿಸಿದರು. ಅದರ ನಡುವೆ ಸುತ್ತಲೂ ವಿದ್ಯುನ್ನಿರೋಧಕದಿಂದ ಮುಚ್ಚಿದ ಒಂದು ಪುಟ್ಟ ದ್ವೀಪವುಂಟು. ಹೆಚ್ಚಿನ ವೋಲ್ಟೇಜನ್ನು ಪ್ರಯೋಗಿಸಿ ಎಲೆಕ್ಟ್ರಾನುಗಳನ್ನು ಆ ದ್ವೀಪಕ್ಕೆ ಒಮ್ಮೆ ದಾಟಿಸಿದರೆ ಅವು ಹೊರಬರಲಾರದೆ ವರ್ಷಗಟ್ಟಲೆ ಅಲ್ಲಿಯೇ ಸೆರೆಯಾಗಿರುತ್ತವೆ. ಎಲೆಕ್ಟ್ರಾನುಗಳಿದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು ಅರ್ಥ. ಬರವಣಿಗೆ ಎಂದರೆ ಇಷ್ಟೇ.

ಇದನ್ನು ಅಗ್ಗವಾಗಿಯೂ ದಟ್ಟವಾಗಿಯೂ ತಯಾರಿಸುವ ದಾರಿಯನ್ನು ತೋರಿಸಿದವರು ಜಪಾನಿನ ತೋಶಿಬಾ ಸಂಸ್ಥೆಯಲ್ಲಿದ್ದ ಫುಜಿಯೋ ಮಸುವೋಕಾ. ಒಂದೊಂದು ಕೋಶವನ್ನೂ ಬೇರೆ ಬೇರೆಯಾಗಿ ಅಳಿಸುವ ಬದಲು ಒಂದು ಗುಂಪಿನ ಕೋಶಗಳನ್ನೆಲ್ಲ ಒಮ್ಮೆಗೇ ಅಳಿಸಿದರೆ ಚಿಪ್ಪಿನಲ್ಲಿ ಎಷ್ಟೋ ತಂತಿಗಳು ಉಳಿಯುತ್ತವೆಂದು ಅವರು ಕಂಡುಕೊಂಡರು. ಕ್ಷಣಮಾತ್ರದಲ್ಲಿ ಎಲ್ಲವೂ ಅಳಿಸಿಹೋಗುವುದನ್ನು ಕಂಡ ಅವರ ಸಹೋದ್ಯೋಗಿ ಶೋಜಿ ಅರಿಯಿಜುಮಿಯವರಿಗೆ ಕ್ಯಾಮೆರಾದ ಮಿಂಚುಬೆಳಕು ನೆನಪಾಯಿತಂತೆ. ಅದರಿಂದ ಫ್ಲ್ಯಾಶ್ ಎಂಬ ಹೆಸರು ಹುಟ್ಟಿತು. 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನಡೆದ ಸಮ್ಮೇಳನದಲ್ಲಿ ಮಸುವೋಕಾ ತಮ್ಮ ಶೋಧವನ್ನು ಮಂಡಿಸಿದರು. ಇಂದಿನ ಎಸ್.ಎಸ್.ಡಿ.ಗಳಿಗೆ ಆಧಾರವಾದ ನ್ಯಾಂಡ್ ಫ್ಲ್ಯಾಶನ್ನು 1987ರಲ್ಲಿ ಪ್ರಕಟಿಸಿದರು. ಜಗತ್ತನ್ನೇ ಬದಲಿಸಿದ ಈ ಶೋಧಕ್ಕೆ ತಕ್ಕ ಪ್ರತಿಫಲ ದೊರೆಯಲಿಲ್ಲವೆಂದು ಅವರು 2004ರಲ್ಲಿ ನ್ಯಾಯಾಲಯದ ಮೆಟ್ಟಿಲನ್ನೇರಬೇಕಾಯಿತು; 2006ರಲ್ಲಿ 8 ಕೋಟಿ 70 ಲಕ್ಷ ಯೆನ್ನಿಗೆ ರಾಜಿಯಾಯಿತು. ಅಷ್ಟರಲ್ಲಿ ಫ್ಲ್ಯಾಶ್ ಚಿಪ್ಪುಗಳ ವ್ಯಾಪಾರ ಎಷ್ಟು ಬೆಳೆದಿದ್ದಿತೆಂದರೆ, ಅದರ ಮುಂದೆ ಆ ಮೊತ್ತ ಸಮುದ್ರದೆದುರಿನ ಬೊಗಸೆ ನೀರು.

ಮಸುವೋಕಾ ಕಂಡುಕೊಂಡ ಸೌಲಭ್ಯದಲ್ಲಿಯೇ ಒಂದು ತೊಡಕೂ ಅಡಗಿದ್ದಿತು. ಫ್ಲ್ಯಾಶಿನಲ್ಲಿ ಬರೆದುದರ ಮೇಲೆಯೇ ಮತ್ತೆ ಬರೆಯುವಂತಿಲ್ಲ. ಹಿಂದಿನ ಕಾಲದಲ್ಲಿ ಕನ್ನಡ ನಾಡಿನ ವರ್ತಕರೂ ಮಠಗಳವರೂ ಲೆಕ್ಕಪತ್ರಗಳನ್ನು ಕಡತದಲ್ಲಿ ಬರೆಯುತ್ತಿದ್ದರು. ಇಂದು ಕಚೇರಿಯ ಎಲ್ಲ ದಾಖಲೆಗೂ ಹೆಸರಾಗಿರುವ ಈ ಮಾತು ಮೊದಲು ಮಸಿ ಬಳಿದ ಮಡಿಕೆಯ ಬಟ್ಟೆಗೆ ಸಂದಿದ್ದಿತು. ಅದರ ಮೇಲೆ ಬಳಪದಿಂದ ಬರೆದುದನ್ನು ಬೇಕೆಂದಾಗ ಅಳಿಸಿ ಮತ್ತೆ ಬರೆಯಬಹುದಾಗಿದ್ದಿತು. ಒಂದು ಸಾಲು ತಪ್ಪಾದರೆ ಆ ಒಂದು ಸಾಲನ್ನೇ ಒರೆಸಿದರಾಯಿತು. ಫ್ಲ್ಯಾಶಿಗೆ ಆ ಅನುಕೂಲವಿಲ್ಲ. ಅಲ್ಲಿ ಬರೆಯುವುದು ಪುಟಪುಟವಾಗಿ. ಅಳಿಸುವುದು ಮಾತ್ರ ನೂರಾರು ಪುಟಗಳ ಇಡೀ ಕಟ್ಟನ್ನೇ. ಒಂದು ಪುಟವನ್ನು ಓದಲು ಮೈಕ್ರೋಸೆಕೆಂಡುಗಳ ಹತ್ತುಗಳು ಸಾಕು. ಬರೆಯಲು ನೂರುಗಳು ಬೇಕು. ಒಂದು ಕಟ್ಟನ್ನು ಅಳಿಸಲು ಸಾವಿರಗಳೇ ಬೇಕು.

ಇನ್ನೊಂದು ದೋಷ ಇದಕ್ಕಿಂತಲೂ ಗಂಭೀರವಾದುದು. ದ್ವೀಪವನ್ನು ಸುತ್ತುವರಿದ ನಿರೋಧಕ ಪದರದ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟು. ಎಲೆಕ್ಟ್ರಾನುಗಳನ್ನು ಅದರ ಮೂಲಕ ಬಲವಂತವಾಗಿ ದಾಟಿಸಿದಾಗಲೆಲ್ಲ ಅದು ತುಸು ತುಸುವಾಗಿ ಶಿಥಿಲವಾಗುತ್ತದೆ. ಒಂದು ಕೋಶದಲ್ಲಿ ಒಂದೇ ಬಿಟ್ಟನ್ನು ಇರಿಸಿದರೆ ಸುಮಾರು ಒಂದು ಲಕ್ಷ ಸಲ ಬರೆದು ಅಳಿಸಬಹುದು. ಆದರೆ ಅದು ದುಬಾರಿ. ಬೆಲೆ ಇಳಿಸಲು ತಯಾರಕರು ಅದೇ ಕೋಶದಲ್ಲಿ ಎರಡು, ಮೂರು, ನಾಲ್ಕು ಬಿಟ್ಟುಗಳನ್ನು ತುಂಬಿದರು. ಮೂರು ಬಿಟ್ಟುಗಳೆಂದರೆ ಎಲೆಕ್ಟ್ರಾನುಗಳ ಎಂಟು ಮಟ್ಟಗಳನ್ನು ಗುರುತಿಸಬೇಕು. ನಾಲ್ಕು ಬಿಟ್ಟುಗಳೆಂದರೆ ಹದಿನಾರು. ಕೊಳಗದಲ್ಲಿ ಅಕ್ಕಿ ಇದೆಯೇ ಇಲ್ಲವೇ ಎಂದು ಹೇಳುವುದು ಸುಲಭ. ಅದು ಹದಿನಾರು ಗೆರೆಗಳಲ್ಲಿ ಯಾವ ಗೆರೆಯವರೆಗೆ ಇದೆಯೆಂದು ನಸುಗತ್ತಲೆಯಲ್ಲಿ ಹೇಳುವುದು ಸುಲಭವಲ್ಲ. ಆದುದರಿಂದ ಓದುವುದೂ ಬರೆಯುವುದೂ ನಿಧಾನವಾಗುತ್ತವೆ. ಬಾಳಿಕೆಯೂ ತಗ್ಗುತ್ತದೆ. ಮೂರು ಬಿಟ್ಟಿನ ಕೋಶ ಒಂದರಿಂದ ಮೂರು ಸಾವಿರ ಸಲ, ನಾಲ್ಕು ಬಿಟ್ಟಿನದು ಸಾಮಾನ್ಯವಾಗಿ ಸಾವಿರದ ಆಸುಪಾಸಿನಷ್ಟು ಸಲ ಮಾತ್ರ ಅಳಿಸುವುದನ್ನು ತಾಳಬಲ್ಲುದು.

ಹೀಗೆ ಸವೆಯುವ, ಮರೆಯುವ, ತಿದ್ದಲು ಬಾರದ ಸಾಮಗ್ರಿಯಿಂದ ನಂಬಿಕೆಗೆ ಅರ್ಹವಾದ ಉಗ್ರಾಣವನ್ನು ಕಟ್ಟಿದುದೇ ಎಸ್.ಎಸ್.ಡಿ.ಯ ನಿಜವಾದ ಸಾಧನೆ ಎನ್ನಲಡ್ಡಿಯಿಲ್ಲ. ಆ ಕೀರ್ತಿ ಬಹುಮಟ್ಟಿಗೆ ನಿಯಂತ್ರಕವೆಂಬ ಇನ್ನೊಂದು ಚಿಪ್ಪಿಗೆ ಸಲ್ಲಬೇಕು. ಅದೇ ಈ ಉಗ್ರಾಣದ ಉಗ್ರಾಣಿ. ಒಂದು ಕಡತವನ್ನು ತಿದ್ದಿದಾಗ ಈ ಉಗ್ರಾಣಿ ಹಳೆಯ ಪುಟವನ್ನು ಮುಟ್ಟುವುದಿಲ್ಲ. ಹೊಸದನ್ನು ಬೇರೊಂದು ಖಾಲಿ ಪುಟದಲ್ಲಿ ಬರೆದು, ಇಂಥದು ಇನ್ನು ಮುಂದೆ ಇಂಥಲ್ಲಿ ಇದೆ ಎಂದು ತನ್ನ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ಬಿಡುವಾದಾಗ ರದ್ದಾದ ಪುಟಗಳು ಹೆಚ್ಚಾಗಿರುವ ಕಟ್ಟನ್ನು ಹುಡುಕಿ, ಅದರಲ್ಲಿ ಉಳಿದಿರುವ ಒಳ್ಳೆಯ ಪುಟಗಳನ್ನು ಬೇರೆಡೆಗೆ ನಕಲು ಮಾಡಿ, ಇಡೀ ಕಟ್ಟನ್ನು ಅಳಿಸಿ ಸಿದ್ಧವಾಗಿರಿಸುತ್ತದೆ. ಯಾವ ಕಟ್ಟೂ ಇತರವುಗಳಿಗಿಂತ ಬೇಗ ಸವೆಯದಂತೆ ಸರದಿಯ ಮೇಲೆ ಬಳಸುತ್ತದೆ. ಓದಿದ ಬಿಟ್ಟುಗಳಲ್ಲಿ ತಪ್ಪು ನುಸುಳಿದ್ದರೆ ಗಣಿತದ ಸೂತ್ರಗಳಿಂದ ಅದನ್ನು ಪತ್ತೆಹಚ್ಚಿ ತಿದ್ದುತ್ತದೆ. ಇಂತಹ ನಿಯಂತ್ರಕಗಳಿಗೆ ಬೇಕಾದ ವಿನ್ಯಾಸವನ್ನೂ ಆಜ್ಞಾವಳಿಗಳನ್ನೂ ರಚಿಸುವ ಕೆಲಸದಲ್ಲಿ ಬೆಂಗಳೂರಿನ ಇಂಜಿನಿಯರುಗಳೂ ತೊಡಗಿದ್ದಾರೆ.

ಫ್ಲ್ಯಾಶಿನಿಂದ ಡ್ರೈವನ್ನು ರಚಿಸಿ ಮಾರಿದವರಲ್ಲಿ ಮೊದಲಿಗರು ಸನ್‌ಡಿಸ್ಕ್ ಸಂಸ್ಥೆಯವರು. ಮುಂದೆ ಸ್ಯಾನ್‌ಡಿಸ್ಕ್ ಎಂದು ಹೆಸರಾದ ಈ ಸಂಸ್ಥೆಯನ್ನು 1988ರಲ್ಲಿ ಸ್ಥಾಪಿಸಿದ ಮೂವರಲ್ಲಿ ಕಾನಪುರದಲ್ಲಿ ಜನಿಸಿದ ಸಂಜಯ್ ಮೆಹ್ರೋತ್ರಾ ಒಬ್ಬರು. ಉಳಿದಿಬ್ಬರು ಎಲೈ ಹರಾರಿ ಮತ್ತು ಜ್ಯಾಕ್ ಯುವಾನ್. 1991ರಲ್ಲಿ ಅವರು ಐ.ಬಿ.ಎಂ. ಸಂಸ್ಥೆಗೆ ಒದಗಿಸಿದ ಡ್ರೈವಿನಲ್ಲಿ 20 ಮೆಗಾಬೈಟು ಮಾತ್ರ ಹಿಡಿಸುತ್ತಿದ್ದಿತು. ಬೆಲೆ ಸುಮಾರು ಸಾವಿರ ಡಾಲರು. ಸಾಮಾನ್ಯ ಜನ ಇದನ್ನು ಕೊಳ್ಳುವ ಕಾಲ ಬರಲು ಹದಿನೈದು ವರ್ಷಗಳಿಗೂ ಹೆಚ್ಚು ಕಾಯಬೇಕಾಯಿತು. 2008ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ 80 ಗಿಗಾಬೈಟಿನ ಡ್ರೈವು ಸೆಕೆಂಡಿಗೆ 250 ಮೆಗಾಬೈಟು ಓದುತ್ತಿದ್ದಿತು. 2013ರಿಂದೀಚೆಗೆ ಕೋಶಗಳನ್ನು ಮಹಡಿಯ ಮೇಲೆ ಮಹಡಿಯಂತೆ ಪೇರಿಸುವ ವಿದ್ಯೆ ಬಂದಿತು. ಮೊದಲು 24 ಅಂತಸ್ತುಗಳಿದ್ದವು. 2024ರ ಹೊತ್ತಿಗೆ ಅವು ಮುನ್ನೂರನ್ನು ದಾಟಿದವು. ಬೆಲೆ ಇಳಿಯಿತು, ಗಾತ್ರ ಬೆಳೆಯಿತು.

ಆಗ ಹೊಸದೊಂದು ಇಕ್ಕಟ್ಟು ತಲೆದೋರಿತು. ಉಗ್ರಾಣ ಚುರುಕಾಯಿತು, ಆದರೆ ಅಲ್ಲಿಗೆ ಹೋಗುವ ದಾರಿ ಹಳೆಯದಾಗಿಯೇ ಉಳಿಯಿತು. ಸಾಟಾ ಎಂಬ ಆ ದಾರಿಯಲ್ಲಿ ಸೆಕೆಂಡಿಗೆ 550 ಮೆಗಾಬೈಟಿಗಿಂತ ಹೆಚ್ಚು ಸಾಗಿಸುವುದು ಕಷ್ಟ. ಮೇಲಾಗಿ ಅಲ್ಲಿ ಕೋರಿಕೆಗಳು ನಿಲ್ಲಲು ಒಂದೇ ಸಾಲು. ಆ ಸಾಲಿನಲ್ಲಿ 32 ಕೋರಿಕೆಗಳಿಗೆ ಮಾತ್ರ ಎಡೆ. ಒಂದೇ ತೋಳಿನ ಹಾರ್ಡ್ ಡಿಸ್ಕಿಗೆ ಅದು ಧಾರಾಳವಾಗಿಯೇ ಇದ್ದಿತು. ಹತ್ತಾರು ಚಿಪ್ಪುಗಳು ಒಟ್ಟಿಗೆ ದುಡಿಯಬಲ್ಲ ಎಸ್.ಎಸ್.ಡಿ.ಗೆ ಅದು ಸಾಲದಾಯಿತು. 2011ರಲ್ಲಿ ಎನ್‌ವಿಎಂಇ ಎಂಬ ಹೊಸ ನಿಯಮಾವಳಿ ಪ್ರಕಟವಾಯಿತು. ಇದರಲ್ಲಿ ಸುಮಾರು 65,000 ಸಾಲುಗಳಿಗೆ ಅವಕಾಶ. ಒಂದೊಂದು ಸಾಲಿನಲ್ಲಿಯೂ ಅಷ್ಟೇ ಕೋರಿಕೆಗಳಿಗೆ ಅವಕಾಶ. ಈ ದಾರಿಯಲ್ಲಿ ವೇಗ ಏರುತ್ತಲೇ ಹೋಯಿತು. ಸೆಕೆಂಡಿಗೆ ಮೊದಲು 3,500 ಮೆಗಾಬೈಟು, ಅನಂತರ 7,000, ಈಗ ಮಾರಾಟಕ್ಕಿರುವ ಅತ್ಯಂತ ವೇಗದ ಡ್ರೈವುಗಳಲ್ಲಿ 14,000ಕ್ಕೂ ಹೆಚ್ಚು. ಡ್ರೈವಿನ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುವುದು ಇದೇ ಅಂಕಿ.

ಆ ಅಂಕಿ ಸುಳ್ಳಲ್ಲ. ಆದರೆ ಅದನ್ನು ಓದುವವರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗುತ್ತದೆ. ಅದು ಯಾವ ಕೆಲಸದ ವೇಗ? ಒಂದೇ ದೊಡ್ಡ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಓದುವ ವೇಗವದು. ಮನೆಯಲ್ಲಿ ಬಳಸುವ ಕಂಪ್ಯೂಟರು ಹಾಗೆ ಓದುವುದು ಅಪರೂಪ. ಅದಕ್ಕೆ ಬೇಕಾಗುವುದು ಇಲ್ಲೊಂದು ಚೂರು, ಅಲ್ಲೊಂದು ಚೂರು. ಅದೂ ಒಂದು ಸಿಕ್ಕಿದ ಮೇಲೆ ಇನ್ನೊಂದು. ಒಂದೊಂದು ಚೂರೂ ನಾಲ್ಕು ಕಿಲೋಬೈಟು ಎಂದಿಟ್ಟುಕೊಂಡರೆ, ಸೆಕೆಂಡಿಗೆ ಎಂಬತ್ತು ಹುಡುಕಾಟ ನಡೆಸುವ ಹಾರ್ಡ್ ಡಿಸ್ಕು ಕೊಡುವುದು ಒಂದು ಮೆಗಾಬೈಟಿನ ಮೂರನೆಯ ಒಂದು ಭಾಗದಷ್ಟು ಮಾತ್ರ. ಹಳೆಯ ದಾರಿಯ ಎಸ್.ಎಸ್.ಡಿ. ಸೆಕೆಂಡಿಗೆ ಸುಮಾರು ಹತ್ತು ಸಾವಿರ ಚೂರುಗಳನ್ನು, ಎಂದರೆ 40 ಮೆಗಾಬೈಟನ್ನು ಒದಗಿಸುತ್ತದೆ. ಹೊಸ ದಾರಿಯ ಅತಿ ವೇಗದ ಡ್ರೈವು ಇಪ್ಪತ್ತರಿಂದ ಇಪ್ಪತ್ತೈದು ಸಾವಿರ ಚೂರುಗಳನ್ನು, ಎಂದರೆ 80ರಿಂದ 100 ಮೆಗಾಬೈಟನ್ನು ಒದಗಿಸುತ್ತದೆ. ಹಾರ್ಡ್ ಡಿಸ್ಕಿನಿಂದ ಮೊದಲ ಬಗೆಯ ಎಸ್.ಎಸ್.ಡಿ.ಗೆ ಬಂದಾಗ ನೂರು ಪಟ್ಟಿಗೂ ಮೀರಿದ ಲಾಭ. ಅಲ್ಲಿಂದ ಹೊಸದಕ್ಕೆ ಬಂದಾಗ ಎರಡು ಪಟ್ಟು, ಎರಡೂವರೆ ಪಟ್ಟು ಅಷ್ಟೆ. ಪೆಟ್ಟಿಗೆಯ ಮೇಲಿನ ಅಂಕಿಯಾದರೋ ಇದಕ್ಕೆ ತಿರುಗುಮುರುಗು. ಹಾರ್ಡ್ ಡಿಸ್ಕಿನ 200 ಮೆಗಾಬೈಟು ಮೊದಲು 550 ಆಯಿತು, ಅನಂತರ 14,000ಕ್ಕೆ ಜಿಗಿಯಿತು. ಕಣ್ಣಿಗೆ ಕಾಣುವ ಜಿಗಿತ ಒಂದೆಡೆ, ಅನುಭವಕ್ಕೆ ಬರುವ ಜಿಗಿತ ಇನ್ನೊಂದೆಡೆ. ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಅಗ್ಗದ ಎಸ್.ಎಸ್.ಡಿ.ಯನ್ನು ಹಾಕಿಸಿದ ಮನೆಯವರಿಗೆ ಕಂಪ್ಯೂಟರಿಗೆ ಹೊಸ ಜೀವ ಬಂದಂತೆ ತೋರುವುದೂ, ಇರುವ ಎಸ್.ಎಸ್.ಡಿ.ಯನ್ನು ತೆಗೆದು ದುಬಾರಿಯದನ್ನು ಕೊಂಡವರಿಗೆ ಅಷ್ಟೇನೂ ವ್ಯತ್ಯಾಸ ತೋರದಿರುವುದೂ ಇದರಿಂದಲೇ.

ಬರೆಯುವ ವೇಗದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಸುಗ್ಗಿಯ ಕಾಲದಲ್ಲಿ ಗಾಡಿಗಳು ಬಂದಾಗ ಮೂಟೆಗಳನ್ನು ಮೊದಲು ಜಗುಲಿಯ ಮೇಲೆ ಇಳಿಸುತ್ತಾರೆ. ಗಾಡಿ ಹೊರಟುಹೋದ ಮೇಲೆ ನಿಧಾನವಾಗಿ ಒಳಗಿನ ಕಣಜಕ್ಕೆ ಸಾಗಿಸುತ್ತಾರೆ. ಮನೆಬಳಕೆಯ ಎಸ್.ಎಸ್.ಡಿ.ಯ ಉಗ್ರಾಣಿಯೂ ಹೀಗೆಯೇ ಮಾಡುತ್ತದೆ. ಕೆಲವು ಕೋಶಗಳಲ್ಲಿ ತಾತ್ಕಾಲಿಕವಾಗಿ ಒಂದೊಂದೇ ಬಿಟ್ಟನ್ನು ಬೇಗ ಬೇಗ ಬರೆದು, ಬಿಡುವಾದಾಗ ಅವುಗಳನ್ನು ಮೂರು ನಾಲ್ಕರಂತೆ ಅಡಕಿ ಒಳಗೆ ತುಂಬುತ್ತದೆ. ಜಗುಲಿ ತುಂಬಿದರೆ ಮಾತ್ರ ಗಾಡಿಗಳು ನಿಲ್ಲಬೇಕು. ನಾಲ್ಕು ಬಿಟ್ಟಿನ ಕೋಶಗಳಿರುವ ಒಂದು ಟೆರಾಬೈಟಿನ ಒಂದು ಡ್ರೈವಿನ ಬಗೆಗೆ ಅದರ ತಯಾರಕರೇ ಕೊಟ್ಟಿರುವ ಅಂಕಿಗಳು ಹೀಗಿವೆ: ಮೊದಲ 42 ಗಿಗಾಬೈಟಿಗೆ ಸೆಕೆಂಡಿಗೆ 530 ಮೆಗಾಬೈಟು, ಅನಂತರ 80 ಮೆಗಾಬೈಟು. ಮದುವೆಯ ಚಲನಚಿತ್ರಗಳ 100 ಗಿಗಾಬೈಟನ್ನು ಇದಕ್ಕೆ ತುಂಬಬೇಕೆಂದು ಭಾವಿಸಬಹುದು. ಮೊದಲ ಭಾಗ 80 ಸೆಕೆಂಡುಗಳಲ್ಲಿ ಮುಗಿಯುತ್ತದೆ. ಉಳಿದ 58 ಗಿಗಾಬೈಟಿಗೆ ಹನ್ನೆರಡು ನಿಮಿಷ ಬೇಕು. ಸೆಕೆಂಡಿಗೆ 200 ಮೆಗಾಬೈಟು ಬರೆಯುವ ಮುದಿ ಹಾರ್ಡ್ ಡಿಸ್ಕು ಇಡೀ ಕೆಲಸವನ್ನು ಎಂಟೂವರೆ ನಿಮಿಷದೊಳಗೆ ಮುಗಿಸಿ, ಈ ಓಟದಲ್ಲಿ ಗೆದ್ದುಬಿಡುತ್ತದೆ! ಆದರೆ ಮನೆಯಲ್ಲಿ ಇಂತಹ ಕೆಲಸ ಬರುವುದು ಎಂದೋ ಒಮ್ಮೆ. ದಿನವೂ ಬರುವ ಸಣ್ಣ ಕೆಲಸಗಳಿಗೆ ಜಗುಲಿ ಸಾಕಾಗುತ್ತದೆ.

ಬ್ಯಾಂಕು, ಆಸ್ಪತ್ರೆ, ರೈಲ್ವೆ ಮೊದಲಾದ ದೊಡ್ಡ ಸಂಸ್ಥೆಗಳ ಸರ್ವರುಗಳ ಪರಿಸ್ಥಿತಿಯೇ ಬೇರೆ. ಅಲ್ಲಿ ಸುಗ್ಗಿ ಮುಗಿಯುವುದೇ ಇಲ್ಲ. ಉಗ್ರಾಣಿಗೆ ಬಿಡುವೂ ಇಲ್ಲ. ಹಗಲಿರುಳು ಸಾವಿರಾರು ಜನರ ಕೋರಿಕೆಗಳು ಒಟ್ಟೊಟ್ಟಿಗೆ ಬರುತ್ತಿರುತ್ತವೆ. ಎನ್‌ವಿಎಂಇಯ ಅಷ್ಟೊಂದು ಸಾಲುಗಳು ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಸೆಕೆಂಡಿಗೆ ಹತ್ತು ಲಕ್ಷಕ್ಕೂ ಮೀರಿ ಚೂರುಗಳನ್ನು ಓದುವ ಶಕ್ತಿಯೂ ಇಲ್ಲಿಯೇ ಸಾರ್ಥಕ. ಆದರೂ ಇಲ್ಲಿ ಬೆಲೆಯುಳ್ಳದ್ದು ವೇಗವಲ್ಲ, ವೇಗದ ಸ್ಥಿರತೆ. ನೂರು ಕೋರಿಕೆಗಳಲ್ಲಿ ತೊಂಬತ್ತೊಂಬತ್ತಕ್ಕೆ ಕೂಡಲೇ ಉತ್ತರ ಬಂದು ಒಂದಕ್ಕೆ ಮಾತ್ರ ತಡವಾದರೆ ಏನು ಮಹಾ ಎಂದು ತೋರಬಹುದು. ಆದರೆ ಗ್ರಾಹಕನಿಗೆ ಒಂದು ಪುಟವನ್ನು ತೋರಿಸಲು ನೂರು ಚೂರುಗಳನ್ನು ಕೂಡಿಸಬೇಕಾಗಿದ್ದರೆ, ಎಲ್ಲವೂ ಬರುವವರೆಗೆ ಪುಟ ಪೂರ್ಣವಾಗದು. ನೂರೂ ತಡವಿಲ್ಲದೆ ಬರುವ ಸಂಭಾವ್ಯತೆ 0.99ನ್ನು ನೂರು ಸಲ ಗುಣಿಸಿದಷ್ಟು, ಎಂದರೆ ಸುಮಾರು 0.37. ನೂರು ಗ್ರಾಹಕರಲ್ಲಿ 63 ಮಂದಿ ತಡವನ್ನು ಅನುಭವಿಸುತ್ತಾರೆ. ನೂರಕ್ಕೆ ಒಂದರ ದೋಷ ಹೀಗೆ ನೂರಕ್ಕೆ ಅರವತ್ತಮೂರಾಗಿ ಬೆಳೆಯುತ್ತದೆ. ಉಗ್ರಾಣಿಯು ಕಟ್ಟೊಂದನ್ನು ಅಳಿಸುತ್ತಿರುವಾಗ ಬಂದ ಕೋರಿಕೆ ಕಾಯಬೇಕಾಗುವುದೇ ಇಂತಹ ತಡಕ್ಕೆ ಒಂದು ಮುಖ್ಯ ಕಾರಣ. ಆದುದರಿಂದ ಸಂಸ್ಥೆಗಳಿಗಾಗಿ ತಯಾರಿಸುವ ಡ್ರೈವುಗಳಲ್ಲಿ ಹೊರಗೆ ಕಾಣದಂತೆ ಹೆಚ್ಚಿನ ಖಾಲಿ ಜಾಗವನ್ನು ಬಿಟ್ಟಿರುತ್ತಾರೆ. ಖಾಲಿ ಕಟ್ಟುಗಳು ಸದಾ ಕೈಗೆ ಸಿಗುವಂತಿದ್ದರೆ ಉಗ್ರಾಣಿಯು ಗಾಬರಿಗೊಳ್ಳಬೇಕಾಗಿಲ್ಲ.

ವಿದ್ಯುತ್ತು ಹಠಾತ್ತನೆ ನಿಂತುಹೋದರೆ? ಯಾರದೋ ಖಾತೆಯಿಂದ ಹಣ ಕಳೆದು, ಇನ್ನೊಬ್ಬರ ಖಾತೆಗೆ ಸೇರಿಸುವ ಮೊದಲೇ ಕತ್ತಲಾದರೆ? ಸಂಸ್ಥೆಗಳ ಡ್ರೈವುಗಳಲ್ಲಿ ಸಾಲಾಗಿ ಪುಟ್ಟ ಕೆಪಾಸಿಟರುಗಳನ್ನು ಜೋಡಿಸಿರುತ್ತಾರೆ. ವಿದ್ಯುತ್ತು ನಿಂತ ಮೇಲೆಯೂ ಕೈಯಲ್ಲಿರುವುದನ್ನು ಕೋಶಗಳಲ್ಲಿ ಬರೆದು ಮುಗಿಸುವಷ್ಟು ಶಕ್ತಿ ಅವುಗಳಲ್ಲಿ ಉಳಿದಿರುತ್ತದೆ. ಇದರಿಂದ ಇನ್ನೊಂದು ಲಾಭವೂ ಉಂಟು. ಆ ಭರವಸೆ ಇರುವುದರಿಂದ ಡ್ರೈವು ಕೋಶಗಳಲ್ಲಿ ಬರೆದಾಗುವವರೆಗೂ ಕಾಯದೆ, ತನ್ನ ಕೈಗೆ ಬಂದೊಡನೆಯೇ ಬರೆದಾಯಿತು ಎಂದು ಬ್ಯಾಂಕಿನ ಸರ್ವರಿಗೆ ನಿಶ್ಚಿಂತೆಯಿಂದ ಹೇಳಬಲ್ಲುದು. ಕೆಪಾಸಿಟರುಗಳಿಲ್ಲದ ಮನೆಬಳಕೆಯ ಡ್ರೈವು ಪ್ರಾಮಾಣಿಕವಾಗಿ ಉತ್ತರಿಸಬೇಕಾದರೆ ಪ್ರತಿಸಲವೂ ಕಾಯಬೇಕು. ಪೆಟ್ಟಿಗೆಯ ಮೇಲಿನ ಅಂಕಿ ಎಷ್ಟೇ ದೊಡ್ಡದಿರಲಿ, ಈ ಕೆಲಸದಲ್ಲಿ ಅದು ಹಿಂದೆ ಬೀಳುತ್ತದೆ.

ಬಾಳಿಕೆಯನ್ನೂ ಹೀಗೆಯೇ ಬೇರೆ ಬೇರೆ ಅಳತೆಗೋಲುಗಳಿಂದ ಅಳೆಯುತ್ತಾರೆ. ಒಂದು ಟೆರಾಬೈಟಿನ ಉತ್ತಮ ಮನೆಬಳಕೆಯ ಡ್ರೈವಿಗೆ ಐದು ವರ್ಷಗಳಲ್ಲಿ 600 ಟೆರಾಬೈಟು ಬರೆಯುವವರೆಗೆ ಭರವಸೆ ಕೊಡುವುದು ಸಾಮಾನ್ಯ. ದಿನಕ್ಕೆ ಸುಮಾರು 330 ಗಿಗಾಬೈಟು! ಮನೆಯಲ್ಲಿ ಅದರ ಹತ್ತರಲ್ಲೊಂದು ಭಾಗವನ್ನು ಬರೆಯುವುದೂ ಅಪರೂಪ. ಸವೆದುಹೋಗುವುದೆಂಬ ಭಯ ಅಲ್ಲಿ ಬಹುಮಟ್ಟಿಗೆ ಅನಗತ್ಯ. ಸಂಸ್ಥೆಗಳ ಡ್ರೈವುಗಳನ್ನಾದರೋ ಐದು ವರ್ಷಗಳ ಕಾಲ ಪ್ರತಿದಿನವೂ ಒಂದು ಸಲ, ಕೆಲವನ್ನು ಮೂರು ಸಲ ಪೂರ್ತಿಯಾಗಿ ತುಂಬಿ ಬರೆಯಬಹುದು. ಅವುಗಳನ್ನು ಪರೀಕ್ಷಿಸುವ ಕ್ರಮವೂ ಗಮನಾರ್ಹ. ಹೊಸ ಡ್ರೈವಿನಲ್ಲಿ ಎಲ್ಲ ಕಟ್ಟುಗಳೂ ಖಾಲಿಯಾಗಿರುವುದರಿಂದ ಮೊದಲ ಓಟದ ವೇಗವನ್ನು ನಂಬಲಾಗದು. ಎಸ್.ಎನ್.ಐ.ಎ. ಎಂಬ ಉದ್ಯಮಸಂಘದ ನಿಯಮದಂತೆ ಡ್ರೈವನ್ನು ಮೊದಲು ಎರಡು ಸಲ ಅಂಚಿನವರೆಗೆ ತುಂಬಬೇಕು. ಅನಂತರ ಪರೀಕ್ಷೆಯ ಕೆಲಸವನ್ನೇ ಮತ್ತೆ ಮತ್ತೆ ಕೊಟ್ಟು, ವೇಗ ಇಳಿದು ಇಳಿದು ಒಂದು ಮಟ್ಟದಲ್ಲಿ ನಿಂತ ಮೇಲೆಯೇ ಅಳತೆಯನ್ನು ಬರೆದುಕೊಳ್ಳಬೇಕು.

ಇಷ್ಟೆಲ್ಲ ಪರೀಕ್ಷಿಸಿದರೂ ಉಗ್ರಾಣಿಯ ಲೆಕ್ಕದಲ್ಲಿಯೇ ತಪ್ಪಿದ್ದರೆ ಕೋಶಗಳು ಏನು ಮಾಡಿಯಾವು? 2019ರಲ್ಲಿ ಸರ್ವರುಗಳನ್ನು ಮಾರುವ ಒಂದು ದೊಡ್ಡ ಸಂಸ್ಥೆಯು ತನ್ನ ಗ್ರಾಹಕರಿಗೆ ತುರ್ತು ಎಚ್ಚರಿಕೆಯನ್ನು ಕಳುಹಿಸಿತು. ಅದು ಒದಗಿಸಿದ್ದ ಕೆಲವು ಬಗೆಯ ಎಸ್.ಎಸ್.ಡಿ.ಗಳು ಸರಿಯಾಗಿ 32,768 ಗಂಟೆಗಳ ಕಾಲ ಕೆಲಸ ಮಾಡಿದ ಮೇಲೆ ಒಮ್ಮೆಗೇ ನಿಂತುಹೋಗುವುವೆಂದೂ, ಹಾಗೆ ನಿಂತರೆ ಅವುಗಳಲ್ಲಿರುವ ಮಾಹಿತಿ ಮರಳಿ ದೊರೆಯದೆಂದೂ ಅದರಲ್ಲಿ ತಿಳಿಸಿದ್ದಿತು. ಆ ಸಂಖ್ಯೆ ಎರಡರ ಹದಿನೈದನೆಯ ಘಾತ. ನಿಯಂತ್ರಕದ ಆಜ್ಞಾವಳಿಯ ದೋಷವೊಂದು ಗಂಟೆಗಳ ಎಣಿಕೆ ಅಲ್ಲಿಗೆ ಮುಟ್ಟುವವರೆಗೂ ಬಯಲಾಗದೆ ಉಳಿಯುತ್ತಿದ್ದಿತು. ಲೆಕ್ಕ ಹಾಕಿದರೆ ಅದು ಮೂರು ವರ್ಷ, 270 ದಿನ, 8 ಗಂಟೆ. ಒಂದು ಡ್ರೈವು ಕೆಟ್ಟರೂ ಇರಲಿ ಎಂದು ಸಂಸ್ಥೆಗಳು ಅದೇ ಮಾಹಿತಿಯನ್ನು ಇನ್ನೊಂದರಲ್ಲಿಯೂ ಇಟ್ಟಿರುತ್ತವೆ. ಆದರೆ ಒಂದೇ ದಿನ ಕೊಂಡು, ಒಂದೇ ದಿನ ಚಾಲೂ ಮಾಡಿದ ಜೋಡಿ ಡ್ರೈವುಗಳು ಒಂದೇ ಗಂಟೆಗೆ ನಿಲ್ಲುತ್ತಿದ್ದವು. ಎಚ್ಚರಿಕೆಯನ್ನು ಕಂಡು ಆಜ್ಞಾವಳಿಯನ್ನು ತಿದ್ದಿಸಿಕೊಂಡವರು ಪಾರಾದರು.

ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿಯದು. ದ್ವೀಪದಲ್ಲಿ ಸೆರೆಯಾದ ಎಲೆಕ್ಟ್ರಾನುಗಳು ಶಾಶ್ವತವಾಗಿ ನಿಲ್ಲುವಂಥವಲ್ಲ. ಸವೆದ ಗೋಡೆಯ ಮೂಲಕ ಒಂದೊಂದಾಗಿ ನುಸುಳಿಹೋಗುತ್ತವೆ. ಸೆಕೆ ಹೆಚ್ಚಿದಷ್ಟೂ ಬೇಗ ಹೋಗುತ್ತವೆ. ಜೆಡೆಕ್ ಎಂಬ ಮಾನಕ ಸಂಸ್ಥೆಯ ನಿಯಮದಂತೆ, ಬರೆಯುವ ಮಿತಿಯನ್ನು ಪೂರ್ತಿ ಮುಟ್ಟಿದ ಮನೆಬಳಕೆಯ ಡ್ರೈವು ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ವರ್ಷ ಮಾಹಿತಿಯನ್ನು ಕಾಪಾಡಿದರೆ ಸಾಕು. ಸಂಸ್ಥೆಗಳ ಡ್ರೈವಾದರೆ 40 ಡಿಗ್ರಿಯಲ್ಲಿ ಮೂರೇ ತಿಂಗಳು. ದುಬಾರಿಯಾದುದಕ್ಕೆ ಕಡಿಮೆ ಅವಧಿಯೇ ಎಂದು ಆಶ್ಚರ್ಯವಾಗಬಹುದು. ಆದರೆ ಸಂಸ್ಥೆಗಳ ಡ್ರೈವು ಹಗಲಿರುಳು ಎಚ್ಚರವಾಗಿರುವುದಕ್ಕೆಂದೇ ರಚಿತವಾದುದು, ಬೀರುವಿನಲ್ಲಿ ಮಲಗುವುದಕ್ಕಲ್ಲ. ಹೊಸ ಡ್ರೈವು ಇದಕ್ಕಿಂತ ಬಹಳ ಹೆಚ್ಚು ಕಾಲ ನೆನಪಿಡುತ್ತದೆಂಬುದೂ ನಿಜ. ಆದರೂ ಮನೆಯ ಹಳೆಯ ಭಾವಚಿತ್ರಗಳನ್ನೆಲ್ಲ ಸವೆದ ಒಂದೇ ಡ್ರೈವಿಗೆ ತುಂಬಿ, ಬೇಸಗೆಯ ಬಿಸಿಲು ಬೀಳುವ ಅಟ್ಟದ ಮೇಲಿರಿಸಿ, ಐದಾರು ವರ್ಷಗಳ ಮೇಲೆ ತೆಗೆದು ನೋಡುವವರಿಗೆ ನಿರಾಶೆ ಕಾದಿರಬಹುದು.

ಹಾರ್ಡ್ ಡಿಸ್ಕು ಇನ್ನೂ ಮೂಲೆಗೆ ಬೀಳದಿರುವುದಕ್ಕೆ ಬೆಲೆಯೊಂದೇ ಕಾರಣವಲ್ಲ. ಅದರ ತಟ್ಟೆಯ ಕಾಂತತ್ವವು ಬರೆದಷ್ಟಕ್ಕೆ ಸವೆಯುವುದಿಲ್ಲ. ಮಾಹಿತಿಯನ್ನು ಕಾಯುವ ದೊಡ್ಡ ದೊಡ್ಡ ಕೇಂದ್ರಗಳಲ್ಲಿ ಕೂಡಲೇ ಬೇಕಾಗುವುದೆಲ್ಲ ಎಸ್.ಎಸ್.ಡಿ.ಗಳಲ್ಲಿರುತ್ತದೆ. ಎಂದೋ ಒಮ್ಮೆ ಬೇಕಾಗುವ ಅಪಾರ ರಾಶಿಯನ್ನು ಹೊತ್ತ ತಟ್ಟೆಗಳು ಅದೇ ಕಟ್ಟಡದ ಇನ್ನೊಂದು ಭಾಗದಲ್ಲಿ ನಿಮಿಷಕ್ಕೆ 7,200 ಸುತ್ತು ತಿರುಗುತ್ತಲೇ ಇವೆ. ಅವುಗಳ ತೋಳುಗಳ ಕಟಕಟ ಸದ್ದು ಅಲ್ಲಿ ಇಂದಿಗೂ ಕೇಳಿಬರುತ್ತದೆ.